ಡಾಕ್ಟರಮ್ಮನ ಕಾರಿನ ಸ್ಟೇರಿಂಗ್ ಮತ್ತು ನನ್ನ ದಾಕ್ಷಿಣ್ಯ

ಸ್ಟೇರಿಂಗ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ ಎಂದು ನಾನು ದುಡಿದ ಸಾಗರದ ಗ್ಯಾರೇಜಿನವರು ಕೇಳಿದರು. ಬೈಗುಳ ಬರೆಯಬಾರದು ಎಂದು ಒಂದು ಷರತ್ತನ್ನೂ ಹಾಕಿದರು. ನಾನು ಕಲಿತದ್ದರಲ್ಲಿ ಅರ್ಧ ಬೈಸಿಕೊಂಡೇ ಕಲಿತದ್ದು, ಹಾಗಾಗಿ ಉಳಿದರ್ಧ ಮಾತ್ರ ಇಲ್ಲಿದೆ. ಮೂವತ್ತೇಳು ವರ್ಷ ಕಾರುಗಳ ಹೊಟ್ಟೆಯ ಕೆಳಗೆ ಮಲಗಿದವನು ನಾನು. ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಯಾರು ಶಾಲು ಹೊದಿಸಿದರು ಎಂದು ಓದಿದರೆ ನಿಮಗೆ ಒಂದು ನಟ್ಟು ಬಿಚ್ಚಲಿಕ್ಕೂ ಬರುವುದಿಲ್ಲ. ಅದಕ್ಕೇ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಒಬ್ಬ ಡಾಕ್ಟರಮ್ಮನ ಕಾರು ಎಂಟು ತಿಂಗಳು ನನ್ನ ಹತ್ತಿರ ಓಡಾಡಿತು. ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಕೆಡುತ್ತಿದ್ದದ್ದು ಅವರ ಕೈ, ವಾರಕ್ಕೆ ನಾಲ್ಕಾರು ಆಪರೇಷನ್ ಮಾಡುತ್ತಿದ್ದ ಕೈ. ಅದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ.

ಮೊದಲು ಈ ಕೆಲಸ ಎಂಥದ್ದು ಎಂದು ಹೇಳಬೇಕು. ನಾನು ಕಲಿತದ್ದು ತೀರ್ಥಹಳ್ಳಿಯಲ್ಲಿ, ಇಬ್ರಾಹಿಂ ಸಾಹೇಬರು ಎಂಬ ಉಸ್ತಾದರ ಕೈಕೆಳಗೆ. ಆಗಿನ ಕಾರುಗಳಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ನಿಂತಲ್ಲೇ ತಿರುಗಿಸಿದರೆ ಭುಜ ಕಳಚಿ ಬರುತ್ತಿತ್ತು. ಆದರೆ ಟಯರಿನ ಕೆಳಗೆ ಒಂದು ಕಡ್ಡಿ ಸಿಕ್ಕರೂ ಅಂಗೈಗೆ ಗೊತ್ತಾಗುತ್ತಿತ್ತು. ಸಾಹೇಬರು ಅದನ್ನು ಸ್ಟೇರಿಂಗ್ ಮಾತಾಡುವುದು ಎನ್ನುತ್ತಿದ್ದರು. ಗಾಡಿ ಓಡಿಸಿ ನೋಡುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಎರಡೇ ಬೆರಳಲ್ಲಿ ಸ್ಟೇರಿಂಗ್ ಹಿಡಿದು, "ಎಡಗಡೆ ಚಕ್ರದ ಬಾಲ್ ಜಾಯಿಂಟ್ ಸತ್ತಿದೆ, ಕೇಳ್ತೇನೋ?" ಎನ್ನುವರು. ನನಗೆ ಕೇಳುತ್ತಿದ್ದದ್ದು ಇಂಜಿನ್ ಸದ್ದು ಮಾತ್ರ. "ಕಿವೀಲಲ್ಲ ಕತ್ತೆ, ಕೈಯಲ್ಲಿ ಕೇಳು" ಎಂದು ಮೊಣಕೈಗೆ ಒಂದು ಬಿಡುವರು. ಮಧ್ಯಾಹ್ನ ಊಟಕ್ಕೆ ಮುಂಚೆ ನನ್ನ ಕಣ್ಣು ಮುಚ್ಚಿಸಿ, ಅಂಗೈಗೆ ಮೂರು ವಾಷರ್ ಹಾಕಿ, ದಪ್ಪದ್ದು ಯಾವುದು ಹೇಳು ಎನ್ನುವರು. ತಪ್ಪಿದರೆ ಊಟ ತಡ. ಹಸಿವಿನ ಹೆದರಿಕೆಯಿಂದಲೇ ಆರು ತಿಂಗಳಲ್ಲಿ ನನ್ನ ಕೈಗೆ ಬುದ್ಧಿ ಬಂತು.

ಆಮೇಲೆ ಸಾಗರಕ್ಕೆ ಬಂದೆ. ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೇರಿಂಗ್ ಬಂತು, ಅದೂ ಹೋಗಿ ಕರೆಂಟಿನ ಮೋಟಾರಿನದು ಬಂತು. ಹಾಗೇ ಸಾಗರ, ಹೊಸನಗರ, ತೀರ್ಥಹಳ್ಳಿ, ನಮ್ಮ ಈ ಮೂರು ತಾಲ್ಲೂಕಿಗೂ ಒಂದೊಂದಾಗಿ ದೊಡ್ಡ ಕಾರುಗಳು ಬಂದವು. ನಾಲ್ಕು ಬಾಗಿಲು, ಒಳಗೆ ಸೋಫಾದಂಥ ಸೀಟು, ಹೊರಗೆ ಓಟದ ಕುದುರೆಯ ಹಾಗೆ ಮೈ. ಇವುಗಳಲ್ಲಿ ಕಂಫರ್ಟ್ ಎಂದು ಒಂದು ಗುಂಡಿ, ಸ್ಪೋರ್ಟ್ ಎಂದು ಇನ್ನೊಂದು. ಸ್ಪೋರ್ಟ್ ಒತ್ತಿದರೆ ಮೋಟಾರು ಸಹಾಯ ಕಡಿಮೆ ಮಾಡುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಭಾರವಾದ ಮಾತ್ರಕ್ಕೆ ಅದು ಮಾತಾಡಿತು ಎಂದಲ್ಲ. ರಸ್ತೆ ಹೇಳುವುದು ಕೈಗೆ ಬಂದರೆ ಮಾತು, ಬರೀ ಕೈ ನೋಯಿಸಿದರೆ ಭಾರ. ಇದನ್ನು ಗಿರಾಕಿಗಳಿಗಿರಲಿ, ಕಾರು ಮಾರುವವರಿಗೇ ಹೇಳಿ ಹೇಳಿ ಸೋತಿದ್ದೇನೆ.

ಇನ್ನು ಸ್ಟೇರಿಂಗ್ ವೀಲಿನ ಬಗೆಗಳು. ತೆಳು ಹಿಡಿ, ದಪ್ಪ ಹಿಡಿ, ತೂತು ತೂತು ಚರ್ಮದ್ದು, ವೆಲ್ವೆಟ್ಟಿನಂಥ ಬಟ್ಟೆ ಸುತ್ತಿದ್ದು, ಮರದ ಪಟ್ಟಿಯದ್ದು, ಚಳಿಗೆ ಬಿಸಿಯಾಗುವಂಥದ್ದು, ಕೆಳಗಡೆ ಚಪ್ಪಟೆ ಮಾಡಿದ್ದು. ಈ ಚಪ್ಪಟೆಯದರಿಂದ ನನ್ನ ಮರ್ಯಾದೆ ಒಮ್ಮೆ ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಎದುರೇ ಹೋಯಿತು. ಅಲ್ಲಿಯ ಒಬ್ಬ ಅಡಿಕೆ ವ್ಯಾಪಾರಿ ತನ್ನ ಹೊಸ ಸೆಡಾನಿಗೆ ಅದನ್ನು ತರಿಸಿಕೊಂಡಿದ್ದ. ನಾನು ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವಾಗ ನಡುವಿನ ಕಂಬಿಯ ಒಂದು ಹಲ್ಲು ಆಚೀಚೆ ಮಾಡಿ ವೀಲನ್ನು ಸೊಟ್ಟಗೆ ನಿಲ್ಲಿಸಿಬಿಟ್ಟೆ. ದುಂಡಗಿನ ವೀಲಾಗಿದ್ದರೆ ಯಾರಿಗೂ ಸುಲಭಕ್ಕೆ ತಿಳಿಯುತ್ತಿರಲಿಲ್ಲ, ಚಪ್ಪಟೆಯದು ಎಲ್ಲರಿಗೂ ತೋರಿಸಿಕೊಟ್ಟಿತು. ಅಷ್ಟು ಸಾಲದು ಎಂದು ಹಾರನ್ನಿಗೆ ಕರೆಂಟು ಒಯ್ಯುವ ಒಳಗಿನ ಸುರುಳಿ ರಿಬ್ಬನ್ನನ್ನು ನಡುಮಧ್ಯಕ್ಕೆ ತರದೆ ಬಿಗಿದಿದ್ದೆ. ಎರಡು ದಿನಕ್ಕೆ ಅದು ಹರಿದು ಹಾರನ್ ಸತ್ತಿತು, ಅದೂ ಹುಲಿಕಲ್ ಘಾಟಿಯ ತಿರುವಿನಲ್ಲಿ. ಮಾರನೆಯ ದಿನ ಆತ ನನ್ನನ್ನು ಕರೆಸಿ, ನೆರೆದವರಿಗೆಲ್ಲ ಕೇಳುವ ಹಾಗೆ, "ಇದರ ಸೊಂಟ ಉಳುಕಿದೆ, ಗಂಟಲು ಕಟ್ಟಿದೆ. ನೀ ಮೆಕ್ಯಾನಿಕ್ಕಾ, ಇಲ್ಲ ಮಾಟ ಮಾಡೋನಾ ಮಾರಾಯ?" ಎಂದ. ತಪ್ಪು ನನ್ನದೇ. ಅವತ್ತಿನಿಂದ ಗಿರಾಕಿ ಏನೋ ಕೆಟ್ಟಿದೆ ಎಂದರೆ, ಇಲ್ಲ ಎನ್ನುವ ಧೈರ್ಯವೇ ನನಗೆ ಹೋಯಿತು.

ಡಾಕ್ಟರ್ ವಿಶಾಲಾಕ್ಷಿಯವರು ಬಂದದ್ದು ಇದಾದ ಮರುವರ್ಷ, ದಸರೆ ಕಳೆದ ಮೇಲೆ. ಸಾಗರದಲ್ಲಿ ಅವರದೇ ನರ್ಸಿಂಗ್ ಹೋಮ್. ಸೋಮವಾರ ಹೊಸನಗರಕ್ಕೆ, ಗುರುವಾರ ತೀರ್ಥಹಳ್ಳಿಗೆ ತಾವೇ ಕಾರು ಓಡಿಸಿಕೊಂಡು ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ, ಡ್ರೈವರ್ ಇಟ್ಟುಕೊಳ್ಳಿ ಎಂದವರ ಮೇಲೆ ರೇಗುತ್ತಿದ್ದರು. ಒಡವೆಯ ಆಸೆ ಇಲ್ಲ, ಸೀರೆಯ ಆಸೆ ಇಲ್ಲ, ಒಳ್ಳೆಯ ಸೆಡಾನಿನಲ್ಲಿ ತಿರುವು ತೆಗೆಯುವ ಆಸೆ ಒಂದೇ. ನನ್ನ ಮಗಳು ಸೌಮ್ಯ ತನ್ನ ತಾಯಿಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದಾಗ ಆಪರೇಷನ್ ಮಾಡಿ ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವರು ಇವರೇ. ನಮ್ಮ ಮನೆಯಲ್ಲಿ ಇವರ ಹೆಸರು ಹೇಳುವಾಗ ಕೂತವರು ಸ್ವಲ್ಪ ನೆಟ್ಟಗಾಗುತ್ತಿದ್ದರು.

"ಹೂವಪ್ಪ, ಈ ಸ್ಟೇರಿಂಗ್ ಸುಮ್ನಾಗಿದೆ ಕಣೋ," ಎಂದರು. "ಹೋದ ವರ್ಷ ಬಟ್ಟೆಮಲ್ಲಪ್ಪದ ತಿರುವಲ್ಲಿ ಪ್ರತಿ ಕಲ್ಲೂ ಗೊತ್ತಾಗ್ತಿತ್ತು. ಈಗ ಹತ್ತಿ ಮೂಟೆ ಹಿಡಿದಂಗೆ ಆಗ್ತದೆ."

ನಾನು ಕೆಳದಿ ರಸ್ತೆಯಲ್ಲಿ ಓಡಿಸಿ ನೋಡಿದೆ. ನನ್ನ ಕೈಗೆ ಎಲ್ಲ ಕೇಳಿಸಿತು. ಟಾರಿನ ತೇಪೆ, ಮೋರಿಯ ಏಣು, ಬಲಗಡೆ ಟಯರಿನಲ್ಲಿ ಗಾಳಿ ಒಂದಿಷ್ಟು ಕಡಿಮೆ ಇದ್ದದ್ದು ಕೂಡ. ಗ್ಯಾರೇಜಿಗೆ ಮರಳಿ ಬಂದು ಕಾರಿಗೆ ಲ್ಯಾಪ್‌ಟಾಪ್ ಹಚ್ಚಿದೆ, ತಪ್ಪು ಒಂದೂ ತೋರಿಸಲಿಲ್ಲ. ಕಾರು ಸರಿ ಇದೆ ಮೇಡಂ ಎನ್ನಬೇಕಿತ್ತು. ಗ್ಯಾರೇಜಿನ ಮಾಲೀಕ ನಾಗೇಶಣ್ಣ ಹಿಂದಿನಿಂದ ಬಂದು, "ಡಾಕ್ಟ್ರಮ್ಮಂಗೆ ಇಲ್ಲ ಅನ್ಬೇಡ ಮಾರಾಯ. ಎಂತದಾದ್ರೂ ಒಂದು ತಿರುಪಿ ಕೊಡು" ಎಂದು ಪಿಸುಗುಟ್ಟಿದರು. ನಾನು ಗಾಳಿ ಸರಿ ಮಾಡಿದೆ, ಅಲೈನ್‌ಮೆಂಟ್ ಕೂದಲಷ್ಟು ತಿರುಗಿಸಿ ಮತ್ತೆ ಅಲ್ಲಿಗೇ ತಂದೆ. "ಸರಿಯಾಯ್ತು ಮೇಡಂ" ಎಂದೆ. ಅವರ ಮುಖ ಅರಳಿತು.

ಮೂರು ವಾರಕ್ಕೆ ಮತ್ತೆ ಬಂದರು. ಈ ಸಲ ಸ್ಪೋರ್ಟ್ ಗುಂಡಿಯಲ್ಲೇ ಓಡಿಸಿ ಎಂದೆ. ಭಾರ ಇದ್ದರೆ ಮಾತು ಎಂದು ತಿಳಿಯಬೇಡಿ ಎಂದು ಊರಿಗೆಲ್ಲ ಪಾಠ ಹೇಳುವವನು, ಅದೇ ಭಾರವನ್ನು ಅವರಿಗೆ ಔಷಧಿಯಾಗಿ ಕೊಟ್ಟೆ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಬಂದು, ಹಿಡಿತ ಸಿಗುವುದಿಲ್ಲ, ವೀಲು ಜಾರುತ್ತದೆ ಎಂದರು. ಕಂಪನಿಯ ಬಿಡಿಭಾಗಗಳ ಪಟ್ಟಿ ತೆಗೆದು ದಪ್ಪ ಹಿಡಿಯ, ತೂತು ಚರ್ಮದ, ಬಿಸಿಯಾಗುವ ಸ್ಪೋರ್ಟ್ ವೀಲ್ ತೋರಿಸಿದೆ. "ಇದು ಹಾಕ್ಸಿದ್ರೆ ಸರಿ ಹೋಗ್ತದನಾ?" ಎಂದು ಕೇಳಿದರು. ನಾನು ಹೋಗ್ತದೆ ಎಂದೆ, ತರಿಸಿ ಹಾಕಿಯೂ ಕೊಟ್ಟೆ. ದಪ್ಪ ಹಿಡಿ ಎಂದರೆ ನಡುವೆ ಇನ್ನೊಂದು ಪದರ ಮೆತ್ತೆ. ರಸ್ತೆಯ ಮಾತು ಇನ್ನೂ ಕಡಿಮೆಯೇ ಕೇಳುವುದು. ಇದು ತಿಳಿದೂ ಹೇಳಿದೆ, ಯಾಕೆಂದರೆ ಅವರು ಹೂಂ ಎನ್ನಿಸಿಕೊಳ್ಳಲಿಕ್ಕೇ ಕೇಳಿದ ಹಾಗಿತ್ತು.

ಮಾರ್ಚಿನ ಒಂದು ಮಧ್ಯಾಹ್ನ. ಅವರ ಕಾರು ನಮ್ಮ ಅಂಗಳದ ಬಿಸಿಲಲ್ಲಿ ಎರಡು ತಾಸು ನಿಂತಿತ್ತು. ಶೆಡ್ಡಿನೊಳಗೆ ತರೋಣ ಎಂದು ಕೂತು ವೀಲಿಗೆ ಕೈ ಹಾಕಿದವನು ಅಯ್ಯಪ್ಪಾ ಎಂದು ತೆಗೆದುಬಿಟ್ಟೆ. ಕಾದ ಬಾಣಲೆಯ ಹಾಗೆ ಸುಡುತ್ತಿತ್ತು. ಬಟ್ಟೆ ತರಲು ಇಳಿದೆ. ಅಷ್ಟರಲ್ಲಿ ಡಾಕ್ಟರಮ್ಮ, "ಬಿಡೋ, ನಾನೇ ತಗೋತೀನಿ" ಎಂದು ಕೂತು ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದರು. ಹಿಡಿದುಕೊಂಡೇ ನನ್ನ ಜೊತೆ ಸೌಮ್ಯಳ ಬಸಿರಿನ ವಿಷಯ ಮಾತಾಡಿದರು. ಮೂರನೇ ತಿಂಗಳಿಂದಲೂ ಅವಳನ್ನು ಅವರೇ ನೋಡುತ್ತಿದ್ದರು. ರಕ್ತ ಚೆನ್ನಾಗಿದೆ, ಸೊಪ್ಪು ತಿನ್ನಲಿಕ್ಕೆ ಹೇಳು ಎಂದರು. ನಾನು ಅವರ ಮುಖ ನೋಡಲಿಲ್ಲ, ಬೆರಳುಗಳನ್ನು ನೋಡುತ್ತಿದ್ದೆ. ಒಂದು ಬೆರಳೂ ಕದಲಲಿಲ್ಲ. ವೀಲು ಬಿಸಿ ಮಾಡುವ ಸ್ವಿಚ್ಚಿನ ದೀಪವೂ ಉರಿಯುತ್ತಿತ್ತು, ಅದನ್ನು ಯಾವಾಗ ಒತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಕಾರು ಹೋದ ಮೇಲೆ ನನ್ನ ಕೆಂಪಾದ ಅಂಗೈ ನೋಡಿಕೊಂಡೆ, ಸುಮ್ಮನಾದದ್ದು ಅವರ ಕೈ ಎಂದು ಆಗ ತಿಳಿಯಿತು.

ಅವತ್ತೇ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂಬುದನ್ನು ನಮ್ಮ ಕಡೆಯವರಲ್ಲದವರಿಗೆ ತಿಳಿಸುವುದು ಕಷ್ಟ. ನಮ್ಮಲ್ಲಿ ಊಟ ಮಾಡಿ ಎಂದರೆ ಹಸಿದ ಹೊಟ್ಟೆಯಲ್ಲೂ ಮೂರು ಸಲ ಬೇಡ ಎನ್ನುತ್ತೇವೆ. ಬಂದವರು ಎಷ್ಟು ಹೊತ್ತಾದರೂ ಏಳದಿದ್ದರೆ ಇನ್ನೊಂದು ಲೋಟ ಕಾಫಿ ಕೊಡುತ್ತೇವೆ ಹೊರತು ಹೋಗಿ ಎನ್ನುವುದಿಲ್ಲ. ಇದಕ್ಕೆ ದಾಕ್ಷಿಣ್ಯ ಎಂದು ಚೆಂದದ ಹೆಸರಿಟ್ಟಿದ್ದೇವೆ. ನಿಮ್ಮ ಕೈಗೆ ಸ್ಪರ್ಶ ಹೋಗಿದೆ ಎಂದು ಗ್ರೀಸು ಮೆತ್ತಿದ ಮನುಷ್ಯ ಡಾಕ್ಟರಿಗೆ ಹೇಳುವುದೇ? ಅದೂ ಈ ಡಾಕ್ಟರಿಗೆ? ನಾಗೇಶಣ್ಣನ ಹತ್ತಿರ ಮಾತ್ರ ಹೇಳಿದೆ. ಅವರು ಅತ್ತ ಇತ್ತ ನೋಡಿ, "ದೊಡ್ಡೋರ ವಿಷಯ. ನಾವು ಎಂತಕ್ಕೆ ಬಾಯಿ ಹಾಕೋದು? ಅವ್ರಿಗೆ ಗೊತ್ತಿರಲ್ವನಾ?" ಎಂದರು. ಅದು ನನಗೂ ಅನುಕೂಲವಾಯಿತು.

ಏಪ್ರಿಲ್ಲಿನಲ್ಲಿ ಒಮ್ಮೆ, ಮೇ ಮೊದಲ ವಾರದಲ್ಲಿ ಒಮ್ಮೆ ಅವರು ಮತ್ತೆ ಬಂದರು. ನಾನು ಮತ್ತೆ ಏನೋ ತಿರುಪಿ ಸರಿಯಾಯ್ತು ಎಂದೆ. ಆ ದಿನಗಳಲ್ಲಿ ಅವರ ನರ್ಸಿಂಗ್ ಹೋಮ್ ಮುಂದೆ ಸ್ಕೂಟರಿನಲ್ಲಿ ಹೋಗುವಾಗ ಹೊರಗೆ ಬೆಂಚಿನ ಮೇಲೆ ಕೂತ ಗಂಡಸರನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಒಳಗೆ ಯಾರದೋ ಹೆಂಡತಿ, ಯಾರದೋ ಮಗಳು ಮಲಗಿದ್ದಾಳೆ, ಇವರಿಗೆ ಗೊತ್ತಿಲ್ಲ, ನನಗೆ ಗೊತ್ತು ಎನಿಸುತ್ತಿತ್ತು. ಆ ಎರಡು ತಿಂಗಳಲ್ಲಿ ಯಾರಿಗೂ ಕೇಡಾಗಲಿಲ್ಲ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆಗದಿದ್ದದ್ದು ಅವರ ಪುಣ್ಯ, ನನ್ನದೇನೂ ಇಲ್ಲ.

ಮೇ ಕೊನೆಯಲ್ಲಿ ಸೌಮ್ಯ ಒಂದು ಸಂಜೆ ಬಂದು, ಶುಕ್ರವಾರ ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ ಎಂದಳು. "ನನ್ನ ತೆಗೆದ ಕೈಯಲ್ಲೇ ನನ್ನ ಮಗೂನೂ ತೆಗೀತಾರೆ ಅಪ್ಪ" ಎಂದು ಸಂತೋಷದಿಂದ ಹೇಳಿದಳು. ನನ್ನ ದಾಕ್ಷಿಣ್ಯ ಅಲ್ಲಿಗೆ ಮುಗಿಯಿತು. ಊರವರ ಮಕ್ಕಳಿಗೆ ಎರಡು ತಿಂಗಳು ಬಾರದ ಬಾಯಿ ನನ್ನ ಮಗಳಿಗೆ ಒಂದೇ ಕ್ಷಣಕ್ಕೆ ಬಂತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ಬೆಳಿಗ್ಗೆ ಅವರು ರೋಗಿಗಳನ್ನು ನೋಡುವ ಕೋಣೆಗೆ ಹೋದೆ. "ಎಂತದಾ ಹೂವಪ್ಪ, ಸೌಮ್ಯಂಗೆ ನೋವು ಶುರುವಾಯ್ತಾ?" ಎಂದರು.

"ಇಲ್ಲ ಮೇಡಂ. ಕಾರಿನ ವಿಷಯ," ಎಂದು ಬಾಗಿಲು ಹಾಕಿದೆ. ಜೇಬಿನಿಂದ ಮೂರು ವಾಷರ್ ತೆಗೆದು ಮೇಜಿನ ಮೇಲೆ ಇಟ್ಟೆ. "ನಮ್ಮ ಉಸ್ತಾದರು ನಂಗೆ ಹಿಂಗೆ ಕಲಿಸಿದ್ದು. ಕಣ್ಣು ಮುಚ್ಕಂಡು ದಪ್ಪದ್ದು ಯಾವುದು ಹೇಳಿ."

ಹುಚ್ಚೇ ಎನ್ನುವ ಹಾಗೆ ನನ್ನನ್ನು ನೋಡಿದರು. ಆದರೂ ನಕ್ಕು, ಕಣ್ಣು ಮುಚ್ಚಿ ಕೈ ಚಾಚಿದರು. ನಾನು ಮೂರನ್ನೂ ಎಡಗೈ ಬೆರಳುಗಳ ಮೇಲೆ ಹಾಕಿದೆ. ಹೆಬ್ಬೆರಳಿನಿಂದ ಸವರುವಾಗ ಒಂದು ಜಾರಿ ಅವರ ಸೀರೆಯ ಮಡಿಲಿಗೆ ಬಿತ್ತು. ಅವರು ಸವರುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, "ನಡುವಿಂದು" ಎಂದರು. ಕೈಯಲ್ಲಿ ಇದ್ದದ್ದು ಎರಡೇ.

ಅವರು ಕಣ್ಣು ಬಿಟ್ಟು ಅಂಗೈ ನೋಡಿಕೊಂಡರು, ಆಮೇಲೆ ಮಡಿಲು ನೋಡಿಕೊಂಡರು. ಮುಖ ಕೆಂಪಾಯಿತು. "ಕಾರ್ ರಿಪೇರಿ ಮಾಡೋನು ನಂಗೆ ಪರೀಕ್ಷೆ ಮಾಡಕ್ಕೆ ಬಂದ್ಯಾ? ನಡಿ ಆಚೆ!" ಎಂದರು. ನಾನು ಕೈ ಮುಗಿದು ಬಂದೆ. ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಲಿಕ್ಕೆ ನಾಲ್ಕು ಸಲ ಒದೆಯಬೇಕಾಯಿತು.

ಅದೇ ಸಂಜೆ ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಶುಕ್ರವಾರ ಶಿವಮೊಗ್ಗದಿಂದ ಬೇರೆ ಡಾಕ್ಟರು ಬರುತ್ತಾರೆ, ಮೇಡಂ ರಜೆಯಲ್ಲಿದ್ದಾರೆ ಎಂದರು. ಸೌಮ್ಯಳಿಗೆ ಗಂಡು ಮಗುವಾಯಿತು, ಇಬ್ಬರೂ ಚೆನ್ನಾಗಿದ್ದರು. ಡಾಕ್ಟರಮ್ಮ ಮಂಗಳೂರಿಗೆ ಹೋದರು. ಕುತ್ತಿಗೆಯಲ್ಲಿ ಮೂಳೆ ನರವನ್ನು ಒತ್ತುತ್ತಿತ್ತಂತೆ, ಆಪರೇಷನ್ ಆಯಿತು. ಬಲಗೈ ತಕ್ಕಮಟ್ಟಿಗೆ ಬಂತು, ಎಡಗೈಯ ಎರಡು ಬೆರಳು ಬರಲಿಲ್ಲ. ನಾಲ್ಕಾರು ತಿಂಗಳು ಮುಂಚೆ ಬಂದಿದ್ದರೆ ಅವೂ ಉಳಿಯುತ್ತಿದ್ದವೇನೋ ಎಂದು ಅಲ್ಲಿಯವರು ಹೇಳಿದ್ದು ನರ್ಸ್ ಬಾಯಿಂದ ನನ್ನ ಕಿವಿಗೂ ಬಿತ್ತು. ಅವರು ಆಪರೇಷನ್ ಮಾಡುವುದನ್ನು ಬಿಟ್ಟರು. ನಾನು ಆ ವಾರವಿಡೀ ಒಂದು ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ, ನಾಗೇಶಣ್ಣ ಎರಡು ಸಲ ಬೈದರು.

ದೀಪಾವಳಿ ಕಳೆದು ಅವರ ಕಾರು ಮತ್ತೆ ಗ್ಯಾರೇಜಿಗೆ ಬಂತು. ಓಡಿಸುತ್ತಿದ್ದದ್ದು ಡ್ರೈವರ್, ಅವರು ಪಕ್ಕದ ಸೀಟಿನಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ನಾನು ಅಡಗಿಕೊಳ್ಳಲು ಜಾಗ ಹುಡುಕುತ್ತಿದ್ದೆ, ಕರೆದೇ ಬಿಟ್ಟರು. ಡ್ರೈವರನ್ನು ಕಾಫಿಗೆ ಕಳಿಸಿ ನನ್ನನ್ನು ಅವನ ಸೀಟಿನಲ್ಲಿ ಕೂರಿಸಿದರು.

"ಎಷ್ಟು ದಿವ್ಸದಿಂದ ಗೊತ್ತಿತ್ತು ನಿಂಗೆ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಾರು ಸರಿ ಇದೆ ಅಂತ ಮೊದ್ಲನೇ ದಿನಾನೇ ಗೊತ್ತಿತ್ತು ಮೇಡಂ. ಕೈದು ಮಾರ್ಚಿಂದ. ಬಿಸಿಲಲ್ಲಿ ಕಾದ ವೀಲು ನೀವು ಹಿಡ್ಕಂಡ್ರಲ್ಲ, ಅವತ್ತಿಂದ."

"ಮಗಳ ಆಪರೇಷನ್ ಬಂದಾಗ ಬಾಯಿ ಬಂತು."

"ಹೌದು ಮೇಡಂ," ಎಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ನಂದು ತಪ್ಪಾಯ್ತು. ನಾ ಮುಂಚೆ ಹೇಳಿದ್ರೆ ನಿಮ್ಮ ಬೆರಳು ಉಳೀತಿತ್ತು."

ಬೈಯಲಿ ಎಂದು ನಾನು ಕಾಯುತ್ತಿದ್ದೆ.

"ನಂಗೆ ನಿನಗಿಂತ ಮುಂಚೆ ಗೊತ್ತಿತ್ತು ಕಣೋ," ಎಂದರು. "ದಸರೆಗೂ ಮುಂಚೆ. ಗಂಟು ಹಾಕುವಾಗ ದಾರ ಬೆರಳಿಗೆ ಸಿಗ್ತಿರಲಿಲ್ಲ. ಬೇರೆಯವರಿಗಾಗಿದ್ರೆ ನೋಡಿದ ಕೂಡ್ಲೇ ಮಂಗಳೂರಿಗೆ ಅಟ್ತಿದ್ದೆ. ನಾನು ಕಾರ್ ತಗೊಂಡು ನಿನ್ ಹತ್ರ ಬಂದೆ. ನೀನು ಎಂತದೋ ತಿರುಪಿ 'ಸರಿಯಾಯ್ತು ಮೇಡಂ' ಅಂತಿದ್ದೆ. ಆ ಒಂದು ಮಾತು ಕೇಳಕ್ಕೆ ಬರ್ತಿದ್ದೆ. ಅದನ್ನ ಕೇಳ್ಕೊಂಡು ಹೋಗಿ ಮಾರನೇ ದಿನ ಕತ್ತರಿ ಹಿಡೀತಿದ್ದೆ."

ಅವರು ಬಲಗೈಯನ್ನು ಚಾಚಿ ನನ್ನ ಮುಂದಿದ್ದ ವೀಲಿನ ಮೇಲೆ ಇಟ್ಟು, ಸ್ವಲ್ಪ ಹೊತ್ತಿಗೆ ತೆಗೆದರು.

"ಇದನ್ನ ಮಾರ್ತಿದೀನಿ. ತಗೊಳ್ಳೋನು ನಾಳೆ ತೀರ್ಥಹಳ್ಳಿಯಿಂದ ಬರ್ತಾನೆ. ಸ್ಟೇರಿಂಗ್‌ಗೆ ಇಷ್ಟು ಸಲ ಎಂತಕ್ಕೆ ರಿಪೇರಿ ಅಂತ ಬಿಲ್ಲು ನೋಡಿ ಕೇಳಿದ್ರೆ ಏನ್ ಹೇಳ್ಲಿ?"

"ಹೂವಪ್ಪ ಅದನ್ನ ಒಂದು ಸಲಾನೂ ರಿಪೇರಿ ಮಾಡಿಲ್ಲ ಅಂತ ಹೇಳಿ ಮೇಡಂ," ಎಂದೆ.